ಬಾಣಂತಿಯಂತೆ ಕುಳಿತ ಬದನೆಕಾಯಿ ಬಣ್ಣದ ಮೋಟಾರಿಗೆ

ಗಜೇಂದ್ರಗಡ,
ಆಷಾಢ ಮಾಸ, ೧೯೫೭

ರೋಣದ ವಕೀಲರ ವಾಡೆಯಲ್ಲಿ, ದನ ಕಟ್ಟುವ ಅಂಕಣದಲ್ಲಿ, ಗಾಳಿ ಬಿಸಿಲಿನ ಗೊಡವೆಯಿಲ್ಲದೆ ಸುಖವಾಗಿ ಬಿಜಯಂಗೈದಿರುವ ಮೋಟಾರು ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಮ್ಮ ನಾಲ್ಕೂ ಗಾಲಿಗಳಿಗೆ, ಎರಡೂ ದೀಪಗಳಿಗೆ, ಬೆನ್ನಿಗೆ ಕಟ್ಟಿಕೊಂಡ ಐದನೆಯ ಗಾಲಿಗೆ ಸಹ ಬೇರೆ ಬೇರೆಯಾಗಿ ಶಿರಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ಪದ್ಧತಿ. ಆದರೆ ಕಳೆದ ಯುಗಾದಿಯಿಂದ ಈಚೆಗೆ ನಮ್ಮ ಮನೆಯಲ್ಲಿ ಕ್ಷೇಮವಾಗಿರುವವರು ತಾವೊಬ್ಬರೇ ಆದ್ದರಿಂದ ಆ ಪ್ರಶ್ನೆಯನ್ನು ಕೇಳಿ ತಮ್ಮ ಹೊತ್ತು ಹಾಳು ಮಾಡುವುದಿಲ್ಲ. ಈ ಪತ್ರ ಬರೆಯುತ್ತಿರುವವಳು ವೆಂಕೂಬಾಯಿ, ತಮ್ಮ ಮಾಲೀಕರ ಧರ್ಮಪತ್ನಿ. ತಾವು ನನ್ನನ್ನು ಗುರುತಿಸಲಿಕ್ಕಿಲ್ಲ, ಆದರೆ ದಿನಾ ಬೆಳಗ್ಗೆ ತಮ್ಮ ಮೈ ಒರೆಸುವ ಮೆತ್ತನೆಯ ಕೆಂಪು ಬಟ್ಟೆಯನ್ನು ಬಲ್ಲಿರಿ. ಅದು ನನ್ನ ಮದುವೆಯ ಇಳಕಲ್ಲ ಸೀರೆಯ ಸೆರಗು. ಹೊಸ ಬಣ್ಣಕ್ಕೆ ಗೆರೆ ಬೀಳದಂಥ ಅರಿವೆ ರೋಣದ ಪೇಟೆಯಲ್ಲೆಲ್ಲ ಹುಡುಕಿದರೂ ಸಿಗದೆ ಕಡೆಗೆ ನನ್ನ ಟ್ರಂಕಿನಲ್ಲಿ ಸಿಕ್ಕಿತು.

ತಮಗೆ ಓದು ಬಾರದೆಂದು ನನಗೆ ಗೊತ್ತಿದೆ. ಓದಬೇಕಾದವರು ತಮ್ಮ ಬಲಮಗ್ಗುಲಿನಲ್ಲಿ ಅದೇ ಸೆರಗು ಹಿಡಿದು ನಿಂತಿರುತ್ತಾರೆಂಬುದೂ ಗೊತ್ತಿದೆ. ಹೆಂಡತಿಯಾದವಳು ಗಂಡನ ಮೇಲೆ ದೂರು ಬರೆದರೆ ಜಗಳಗಂಟಿ ಎನ್ನುತ್ತಾರೆ, ಮೋಟಾರಿನ ಮೇಲೆ ಬರೆದರೆ ಯಾರೂ ಏನೂ ಅನ್ನುವಂತಿಲ್ಲ. ಹಾಗಾಗಿ ನ್ಯಾಯ ಬಲ್ಲವರೆಲ್ಲ ಓದಲಿ ಎಂದು ಇದರ ಒಂದು ಪ್ರತಿಯನ್ನು ರೋಣದ ಕೋರ್ಟಿನ ವಕೀಲರ ಕೋಣೆಗೂ ಕಳಿಸುತ್ತಿದ್ದೇನೆ, ಗೋಡೆಗೆ ಅಂಟಿಸಲು ಅನ್ನದ ಅಂಟು ಕೂಡ ಅವರಿಗೆ ಖರ್ಚಾಗಬಾರದೆಂದು ಹಿಂಬದಿಗೆ ನಾನೇ ಹಚ್ಚಿದ್ದೇನೆ.

ಮಹಾಶಯರೇ, ತಾವು ಮೊದಲಿನಿಂದ ಹೀಗಿರಲಿಲ್ಲ. ಗದಗಿನ ಅರಳೆ ವ್ಯಾಪಾರಿಯೊಬ್ಬರು ಬಳಸಿ ಬಿಟ್ಟ ತಾವು ಬೂದಿ ಬಣ್ಣದವರಾಗಿ, ಅಲ್ಲಲ್ಲಿ ಹಕ್ಕಳೆ ಎದ್ದವರಾಗಿ, ಕೆಮ್ಮುತ್ತ ಕ್ಯಾಕರಿಸುತ್ತ ನಮ್ಮ ಬಾಗಿಲಿಗೆ ಬಂದಿರಿ. ಆದರೂ ಆ ದಿನಗಳಲ್ಲಿ ತಾವು ದುಡಿಯುತ್ತಿದ್ದಿರಿ. ವಕೀಲರನ್ನು ಕೇಸಿಗೆಂದು ನರಗುಂದಕ್ಕೆ ಒಯ್ದಿರಿ, ಅಬ್ಬಿಗೇರಿಯ ಕಕ್ಷಿದಾರರು ಪ್ರೀತಿಯಿಂದ ಕೊಟ್ಟ ಜೋಳದ ಚೀಲಗಳನ್ನು ತಂದಿರಿ, ಹೊಳೆಆಲೂರು ಸ್ಟೇಶನ್ನಿನಿಂದ ನಮ್ಮ ಬೀಗರನ್ನು ಮಳೆಯಲ್ಲಿ ಕರೆತಂದಿರಿ. ಸವಡಿಯ ಹತ್ತಿರ ಕೆಟ್ಟು ನಿಂತರೆ ಹೊಲದಲ್ಲಿದ್ದವರು ಬಂದು ನೂಕುತ್ತಿದ್ದರು. ಅವರಿಗೆ ಒಂದು ತಂಬಿಗೆ ಮಜ್ಜಿಗೆ ಕೊಟ್ಟರೆ ಮುಗಿಯಿತು. ಆಗ ತಮ್ಮ ಮೈಮೇಲೆ ಕೋಳಿ ಕೂಡುತ್ತಿತ್ತು, ಹಪ್ಪಳ ಒಣಗುತ್ತಿತ್ತು, ತಾವು ಬೇಸರಿಸಿದ್ದನ್ನು ನಾನು ಕಾಣೆ.

ಇಷ್ಟೆಲ್ಲ ಬದಲಾದದ್ದು ನಮ್ಮ ಮಗಳಿಗಾಗಿಯೇ ಎಂದರೆ ಓದುವವರು ನಂಬಲಿಕ್ಕಿಲ್ಲ. ನಮಗಿರುವವಳು ಒಬ್ಬಳೇ ಮಗಳು, ಗಂಗಾಬಾಯಿ. ಅವಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ. ಅವಳು ಬಸುರಿಯಾದಳೆಂಬ ಸುದ್ದಿ ಬಂದಾಗ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ತಮ್ಮ ಮಾಲೀಕರು ಅಂಗಳಕ್ಕೆ ಹೋಗಿ ತಮ್ಮ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು, ಏಳನೆಯ ತಿಂಗಳಲ್ಲಿ ಮಗಳನ್ನು ಕರೆತರಬೇಕು, ಎಂಟರಲ್ಲಿ ಬಸುರಿ ಹೆಂಗಸು ಊರ ಗಡಿ ದಾಟುವಂತಿಲ್ಲ. ಇದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ವಕೀಲರಿಗೂ ಗೊತ್ತಿತ್ತು. ಆದರೆ ಅವರು, "ವಕೀಲರ ಮಗಳು ಹಕ್ಕಳಿ ಎದ್ದ ಮೋಟಾರಿನಾಗ ತವರಿಗೆ ಬರೋದೇನ? ಬೀಗರ ಮುಂದ ನನ್ನ ಮಾರಿ ಎಲ್ಲಿ ಇಡ್ಲಿ?" ಎಂದು ತಮ್ಮನ್ನು ಗದಗಿಗೆ ಒಯ್ದು, ಬಣ್ಣ ಹೊಡೆಯುವುದರಲ್ಲಿ ಹೆಸರಾದ ಮೈನುದ್ದೀನನ ಕೈಗೆ ಒಪ್ಪಿಸಿದರು. ಯುಗಾದಿ ಮುಗಿದ ವಾರವೇ ತಾವು ಎಳೆ ಬದನೆಕಾಯಿಯ ಬಣ್ಣ ಹೊತ್ತು, ನೋಡಿದವರ ಮುಖ ಕಾಣುವಷ್ಟು ಹೊಳೆಯುತ್ತ ಮನೆಗೆ ಬಂದಿರಿ. ತಮ್ಮ ಸೌಂದರ್ಯದಲ್ಲಿ ನಾನು ಅಂದೂ ತಪ್ಪು ಹುಡುಕಲಿಲ್ಲ, ಇಂದೂ ಹುಡುಕುವುದಿಲ್ಲ. ಆರತಿ ಎತ್ತಿದವಳು ನಾನೇ.

ಬೆನ್ನಿಗೆ ಬಂದ ಮೈನುದ್ದೀನ ಪಡಸಾಲೆಯ ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುತ್ತ, "ಸಾಹೇಬ್ರ, ಮ್ಯಾಲ ಒಣಗೈತಿ, ಒಳಗ ಇನ್ನಾ ಹಸೀ ಐತ್ರಿ. ಬಿಸಲಾಗ ನಿಂದ್ರಸಬ್ಯಾಡ್ರಿ. ತೊಳದ್ರ ತಣ್ಣೀರು, ಬರೇ ತಣ್ಣೀರು. ಮೇಣ ಮಾತ್ರ ಮೂರ ತಿಂಗಳಾ ಮುಟ್ಟಸಬ್ಯಾಡ್ರಿ, ಬಣ್ಣಕ್ಕ ಉಸರ ಕಟ್ಟತೈತಿ" ಎಂದು ಹೇಳಿದ. ಗಾಡಿ ಹೊಡೆಯಬೇಡಿರೆಂದು ಅವನು ಹೇಳಲಿಲ್ಲ. ಒಳಗೆ ಚಹಾ ಸೋಸುತ್ತಿದ್ದ ನಾನು ಪ್ರತಿಯೊಂದು ಮಾತನ್ನೂ ಕೇಳಿದ್ದೇನೆ. ಆದರೆ ವಕೀಲರೆಂದರೆ ಕಾಯಿದೆಯ ಒಂದು ಸಾಲಿನಿಂದ ಹತ್ತು ಸಾಲು ಹಿಂಡುವವರು. ಬಿಸಿಲು ಬೇಡವೆಂದರೆ ಗಾಳಿಯೂ ಬೇಡ, ಗಾಳಿ ಬೇಡವೆಂದರೆ ಧೂಳೂ ಬೇಡ, ಧೂಳು ಬೇಡವೆಂದರೆ ರಸ್ತೆಯೇ ಬೇಡ ಎಂಬ ತೀರ್ಪು ಅದೇ ಸಂಜೆ ಹೊರಬಿತ್ತು.

ಮರುದಿನ ನಮ್ಮ ಆಕಳು ಕರುಸಹಿತ ಹಿತ್ತಲಿನ ಬೇವಿನ ಮರದ ಕೆಳಗೆ ಹೋಯಿತು, ತಾವು ಅದರ ಅಂಕಣಕ್ಕೆ ಬಂದಿರಿ. ಕಿಟಕಿಗೆ ಗೋಣಿ ಕಟ್ಟಿದರು. ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ನೋಡಲು ಬಂದವರು ಕಾಲು ತೊಳೆದು ಒಳಗೆ ಬರಬೇಕು, ಹತ್ತಿರ ನಿಂತು ಕೆಮ್ಮಬಾರದು, ಬೆರಳಲ್ಲಿ ಉಂಗುರವಿದ್ದವರು ಕೈ ಹಿಂದೆ ಕಟ್ಟಿಕೊಳ್ಳಬೇಕು ಎಂದಾಯಿತು. ನಮ್ಮ ಬಾವಿಯದು ಸವುಳು ನೀರು, ಆರಿದರೆ ಬಿಳಿ ಕಲೆ ಉಳಿಯುತ್ತದೆ. ಆದ್ದರಿಂದ ಕೆರೆಯಿಂದ ಕುಡಿಯಲು ತರಿಸುವ ಸಿಹಿನೀರಿನ ಕೊಡಗಳು ತಮ್ಮ ಸ್ನಾನಕ್ಕೆ ಮೀಸಲಾದವು, ಮನೆಮಂದಿ ಸವುಳು ನೀರಿನಲ್ಲೇ ಬೇಳೆ ಬೇಯಿಸಿದೆವು. ಬೇಳೆ ಬೇಯಲಿಲ್ಲ. ವಕೀಲರು ಅದನ್ನು ಗಮನಿಸಲಿಲ್ಲ.

ಏಳನೆಯ ತಿಂಗಳು ಹೀಗೆ ಕಳೆಯುತ್ತಿತ್ತು. ನಾನು ಮಗಳನ್ನು ಕರೆತನ್ನಿ ಎಂದರೆ, "ಇನ್ನಾ ಹಸೀ ಅದ" ಎಂಬ ಉತ್ತರ. ಬಸ್ಸಿನಲ್ಲಾದರೂ ಕರೆತರುತ್ತೇನೆ, ನಾನೇ ಹೋಗುತ್ತೇನೆ ಎಂದರೆ, "ಮನ್ಯಾಗ ಮೋಟಾರ ಇಟ್ಕೊಂಡು ಮಗಳನ್ನ ಬಸ್ಸಿನಾಗ ತಂದ್ರು ಅಂತ ಊರ ನಗಬೇಕೇನ?" ಎಂಬ ಎದುರು ಪ್ರಶ್ನೆ. ತಾವು ಹೋಗುವಂತಿಲ್ಲ, ತಾವಿರುವುದರಿಂದ ಮತ್ತೊಬ್ಬರು ಹೋಗುವಂತಿಲ್ಲ. ತಾನೂ ತಿನ್ನದೆ ಮಂದಿಗೂ ಬಿಡದ ಈ ಬಗೆಯ ದೊಡ್ಡಸ್ತಿಕೆ ನಮ್ಮ ಓಣಿಗೆ ಹೊಸದು. ನೋಡನೋಡುತ್ತಿದ್ದಂತೆ ಎಂಟು ತುಂಬಿತು. ಇನ್ನು ಮಗಳು ಗಡಿ ದಾಟುವಂತಿಲ್ಲ. ಮೊನ್ನೆ ಮೊನ್ನೆ ಧಾರವಾಡ ಜಿಲ್ಲೆಗೆ ಜಿಲ್ಲೆಯೇ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಬಂದು ಸೇರಿತು, ಒಂದು ಕೊಡ ತುಳುಕಲಿಲ್ಲ; ತಾವು ದನದ ಅಂಕಣದಿಂದ ಗಜೇಂದ್ರಗಡಕ್ಕೆ ಹೋಗಿ ಬರುವುದು ಮಾತ್ರ ಆಗದ ಕೆಲಸವಾಯಿತು.

ಒಂಬತ್ತು ಹತ್ತಿತು, ಮಳೆಯೂ ಹತ್ತಿತು. ಆಗ ಮುಂಬಯಿಯಿಂದ ಮೇಣದ ಡಬ್ಬಿ ಬಂತು. ಮೂರು ತಿಂಗಳಿಗೆ ಇನ್ನು ನಾಲ್ಕಾರು ದಿನವಿದೆ, ಮೇಣ ಹಚ್ಚಿ ತಿಕ್ಕಿದರೆ ಕೆಸರು ಸಿಡಿದರೂ ಜಾರಿ ಬೀಳುತ್ತದೆ, ಮೇಣ ಹಚ್ಚಿದ ಮರುದಿನವೇ ಗಂಗಾಬಾಯಿಯನ್ನು ಕರೆತರುವುದು ಎಂದು ವಕೀಲರು ಪಂಚಾಂಗ ನೋಡಿ ನಿಶ್ಚಯಿಸಿದರು. ಪಂಚಾಂಗ ನೋಡಿದ್ದು ಮೇಣಕ್ಕೆ. ನಾನು ಅದಕ್ಕೂ ಸರಿ ಎಂದೆ, ಬಾಣಂತಿಗೆ ಎಣ್ಣೆ ನೀರು ಹಾಕುವ ಮರಿಯವ್ವನಿಗೆ ಬರಲು ಹೇಳಿ ಕಳಿಸಿದೆ.

ಮರಿಯವ್ವನನ್ನು ತಾವು ಬಲ್ಲಿರಿ, ಮರೆಯಲು ಸಾಧ್ಯವಿಲ್ಲ. ಊರಿನ ಎಳೆಗೂಸುಗಳೆಲ್ಲ ಅವಳ ಚಾಚಿದ ಕಾಲುಗಳ ಮೇಲೆ ಮಲಗಿ ಎದ್ದವರೇ. ಅವಳು ಬಂದ ದಿನ ವಕೀಲರು ಕೋರ್ಟಿಗೆ ಹೋಗಿದ್ದರು, ನಾನು ಹಿತ್ತಲಲ್ಲಿ ಬಾಣಂತಿ ಖಾರಕ್ಕೆ ಶುಂಠಿ ಮೆಣಸು ಕುಟ್ಟುತ್ತಿದ್ದೆ. ಮುದುಕಿ ಮನೆಯೆಲ್ಲ ಸುತ್ತಿ ಬಾಣಂತಿ ಕೋಣೆ ನೋಡಿದಳು, ಅಲ್ಲಿ ಯಾರೂ ಇಲ್ಲ. ಕಂಬಳಿ ಸರಿಸಿ ದನದ ಅಂಕಣಕ್ಕೆ ಬಂದಳು, ಅಲ್ಲಿ ತಾವಿದ್ದಿರಿ. ಕಿಟಕಿಗೆ ಗೋಣಿ, ಒಳಗೆ ಕತ್ತಲೆ, ಗಾಳಿಯ ಸುಳಿವಿಲ್ಲ, ಬಾಗಿಲಲ್ಲಿ ಕಾಲು ತೊಳೆಯುವ ತಂಬಿಗೆ. ಅರವತ್ತು ವರ್ಷದ ರೂಢಿಯ ಕಣ್ಣಿಗೆ ಇದು ಬಾಣಂತಿ ಕೋಣೆಯಲ್ಲದೆ ಇನ್ನೇನು ಕಂಡೀತು? ಇಷ್ಟೆಲ್ಲ ಪಥ್ಯ ಹಿಡಿಸಿ ಎಣ್ಣೆ ನೀರು ಮಾತ್ರ ಹಾಕದೆ ಬಿಟ್ಟಿದ್ದಾರಲ್ಲ ಎಂದು ಅವಳು ಮರುಗಿದಳಂತೆ.

ಅವಳು ನಿಯಮದಲ್ಲಿ ಒಂದನ್ನೂ ಬಿಡಲಿಲ್ಲ. ಹಂಡೆಯಲ್ಲಿ ಕಾಯುತ್ತಿದ್ದ ನೀರು ತಂದಳು. ಗಡಿಗೆಯಲ್ಲಿದ್ದ ಕುಸುಬಿ ಎಣ್ಣೆಯನ್ನು ಬೆಚ್ಚಗೆ ಮಾಡಿ ನೆತ್ತಿಯಿಂದ ಬಾಲದವರೆಗೆ ಅಂಗೈಯಿಂದ ತಿಕ್ಕಿ ತಿಕ್ಕಿ ಇಳಿಸಿದಳು. ಮೇಲೆ ಕಡಲೆ ಹಿಟ್ಟು ಉಜ್ಜಿದಳು. ಚೆಂಬು ಚೆಂಬು ಬಿಸಿನೀರು ಹೊಯ್ದಳು. ಕುಳ್ಳಿನ ಕೆಂಡದ ಮೇಲೆ ಲೋಬಾನ ಹಾಕಿ ಹೊಟ್ಟೆಯ ಕೆಳಗೆ ಹೊಗೆ ಕೊಟ್ಟಳು. ಕಡೆಗೆ ದೃಷ್ಟಿ ತಾಗಬಾರದೆಂದು ಮುಂದಿನ ಮುಚ್ಚಳದ ಮೇಲೆ, ಎಡಗೆನ್ನೆಯ ಕಡೆಗೆ, ಕಾಡಿಗೆಯ ಬೊಟ್ಟಿಟ್ಟಳು. ಲೋಬಾನದ ವಾಸನೆ ಬಂದು ನಾನು ಒಳಗೆ ಓಡಿ ಬಂದಾಗ ಬದನೆಕಾಯಿ ಬಣ್ಣದ ತಾವು ಎಣ್ಣೆ, ಹಿಟ್ಟು, ಹೊಗೆ ಎಲ್ಲವನ್ನೂ ಮೈಗೂಡಿಸಿಕೊಂಡು ಹದವಾಗಿ ಬೆಂದ ಎಣಗಾಯಿಯಾಗಿದ್ದಿರಿ. ಪಕ್ಕಕ್ಕೆ ರೊಟ್ಟಿ ಬಡಿಯುವುದೊಂದೇ ಬಾಕಿ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಿಂತೆ. ಎಷ್ಟೋ ದಿನಗಳ ಮೇಲೆ ನಗು ಬಂದಿತ್ತು, ಅದನ್ನು ನುಂಗುವುದು ಕಷ್ಟವಾಯಿತು.

ಸಂಜೆ ವಕೀಲರು ಬಂದರು. ಗೆಲ್ಲಲೇಬೇಕಾದ ಕೇಸು ಸೋತ ದಿನ ಕೂಡ ಊಟ ಬಿಡದ ಮನುಷ್ಯ ತಮ್ಮ ಕೆನ್ನೆಯ ಕಾಡಿಗೆ ಬೊಟ್ಟು ನೋಡಿ ದನಕ್ಕೆ ಮೇವು ಹಾಕುವ ಗ್ವಾದಲಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಯಾರ ಹೇಳಿದ್ರು ನಿನಗ ಇದನ್ನ ಮಾಡಂತ?" ಎಂದು ಕೂಗಿದ್ದಕ್ಕೆ ಮರಿಯವ್ವ ಸ್ವಲ್ಪವೂ ಹೆದರದೆ, "ಯಾರ ಹೇಳಬೇಕ್ರಿ ಧಣೇರ? ಎಣ್ಣಿ ನೀರ ಹಾಕಲಾರದ ಮೈ ಹ್ಯಾಂಗ ಗಟ್ಟಿ ಆಗತೈತ್ರಿ? ನೀವು ಹುಟ್ಟಿದಾಗ ನಿಮಗೂ ನಾನ ಎರದೇನಿ, ಏನ ಕಡಿಮಿ ಆಗೇತ್ರಿ ನಿಮಗ?" ಎಂದು ಕೇಳಿದಳು.

ಕುಸುಬಿ ಎಣ್ಣೆಯ ಗುಣ ತಮಗೀಗ ನನಗಿಂತ ಚೆನ್ನಾಗಿ ಗೊತ್ತು. ಅದು ಆರುತ್ತ ಆರುತ್ತ ಅಂಟಾಗುತ್ತದೆ, ಅಂಟಿದ್ದನ್ನು ಬಿಡುವುದಿಲ್ಲ. ಬಿಸಿನೀರು ಬಿದ್ದಲ್ಲೆಲ್ಲ ತಮ್ಮ ಮೈ ಬೆಳ್ಳಗೆ ಬೊಬ್ಬೆ ಎದ್ದಿತ್ತು. ಮರುದಿನ ಬೆಳಗಾಗುವುದೇ ತಡ, ವಕೀಲರು ಮೈನುದ್ದೀನನನ್ನು ಕರೆತರಲು ಗದಗಿಗೆ ಹೊರಟರು. ಸಂದಿಗೊಂದಿಯ ಹಿಟ್ಟನ್ನಾದರೂ ಬಿಡಿಸಿಡು ಎಂದು ನನಗೆ ಹೇಳಿ ಹೋದರು. ನಾನು ಕುಳಿತು ಬಿಡಿಸುತ್ತಿದ್ದೆ. ಅಷ್ಟರಲ್ಲಿ ಗಜೇಂದ್ರಗಡದ ಬಸ್ಸು ಹೊಡೆಯುವ ಬಾಬುಸಾಬ ಬಾಗಿಲಲ್ಲಿ ನಿಂತು, "ಅವ್ವಾರ, ಲಗೂ ಹೊಂಡ್ರಿ. ನಿಮ್ಮ ಮಗಳಿಗೆ ಬ್ಯಾನಿ ಹತ್ಯಾವಂತ, ಬೀಗರು ಹೇಳಿ ಕಳಿಸ್ಯಾರ. ಬಸ್ಸ ನಿಂದ್ರಸೇನಿ" ಎಂದ.

ಮಾನ್ಯರೇ, ಇಲ್ಲಿಯವರೆಗೆ ನಗುನಗುತ್ತ ಬರೆದೆ, ಇದನ್ನು ಮಾತ್ರ ನಗುತ್ತ ಬರೆಯಲಾರೆ. ಮರಿಯವ್ವನನ್ನು ಕರೆದುಕೊಂಡು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ತುಂಬಿದ ಹಳ್ಳದ ದಂಡೆಯಲ್ಲಿ ಬಸ್ಸು ನೀರಿಳಿಯಲಿ ಎಂದು ನಿಂತಿತು, ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ. ಬೀಗರ ಮನೆಯ ಬಾಗಿಲು ಮುಟ್ಟಿದಾಗ ಕೂಸಿನ ಅಳು ಕೇಳಿಸಿತು. ಎಲ್ಲ ಮುಗಿದಿತ್ತು. ಗಂಗಾ ನೋವು ತಿನ್ನುತ್ತ ಅವ್ವಾ ಅವ್ವಾ ಎಂದು ನನ್ನನ್ನೇ ಕರೆದಳಂತೆ, ಬಾಗಿಲ ಕಡೆಗೇ ನೋಡುತ್ತಿದ್ದಳಂತೆ. ಆ ಹೊತ್ತಿಗೆ ಅವಳ ಅವ್ವ ತಮ್ಮ ಮಡ್‌ಗಾರ್ಡಿನ ಸಂದಿಯಿಂದ ಕಡಲೆ ಹಿಟ್ಟು ಕೆತ್ತುತ್ತಿದ್ದಳು. ಇದನ್ನು ನಾನು ಮಗಳಿಗೆ ಇನ್ನೂ ಹೇಳಿಲ್ಲ, ಹೇಳುವ ಧೈರ್ಯವೂ ನನಗಿಲ್ಲ.

ದೇವರು ದೊಡ್ಡವನು, ತಾಯಿ ಮಗಳು ಇಬ್ಬರೂ ಕ್ಷೇಮ. ಚೊಚ್ಚಲ ಬಾಣಂತನ ಮಾಡಲು ಮಗಳ ಅತ್ತೆಯ ಮನೆಯಲ್ಲಿ ಬಂದು ಕುಳಿತ ತಾಯಿಯೆಂದರೆ ಈ ಸೀಮೆಯಲ್ಲಿ ಬಹುಶಃ ನಾನೊಬ್ಬಳೇ. ಬೀಗತಿ ಒಳ್ಳೆಯವರು, ದಿನಾ ಒಂದೇ ಸಲ ಕೇಳುತ್ತಾರೆ: "ಅಲ್ರೀ ವೆಂಕೂಬಾಯಿ, ನಿಮ್ಮ ಮೋಟಾರ ಬರೂತನಕಾ ಕೂಸು ಕಾಯ್ತದೇನ್ರಿ?" ನಾನು ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತೇನೆ. ವಕೀಲರಿಂದ ಬಾಬುಸಾಬನ ಕೈಯಲ್ಲಿ ಒಂದೇ ಒಂದು ಸಂದೇಶ ಬಂತು: ಮೊಮ್ಮಗಳು ಹುಟ್ಟಿದ್ದು ಭಾಳ ಸಂತೋಷ, ಮೈನುದ್ದೀನ ಹೊಸ ಕೋಟು ಹೊಡೆದಿದ್ದಾನೆ, ಅದು ಆರಿದ ಕೂಡಲೇ ಮೋಟಾರಿನಲ್ಲೇ ಬರುತ್ತೇನೆ. ಕೂಸು ಹುಟ್ಟಿ ವಾರ ಕಳೆಯಿತು, ನಾಳೆ ತೊಟ್ಟಿಲಲ್ಲಿ ಹಾಕುವ ಶಾಸ್ತ್ರ. ಅಜ್ಜನ ಸುಳಿವಿಲ್ಲ.

ಆದಕಾರಣ ತಮ್ಮ ಘನ ಸನ್ನಿಧಿಯಲ್ಲಿ ಕೆಲವು ಸಣ್ಣ ಬಿನ್ನಹಗಳು. ನಾನು ಬರುವತನಕ ವಕೀಲರಿಗೆ ತಾವೇ ಎರಡು ಹೊತ್ತು ರೊಟ್ಟಿ ಬಡಿದು ಹಾಕಬೇಕು. ರೊಟ್ಟಿ ದಪ್ಪವಾದರೆ ಅವರು ಮಾತಾಡದೆ ತಟ್ಟೆ ಸರಿಸುತ್ತಾರೆ, ತಾವು ಬೇಸರಪಟ್ಟುಕೊಳ್ಳಬಾರದು. ಅವರ ಬೆನ್ನು ನೋವಿಗೆ ಉಪ್ಪಿನ ಶಾಖ ತಾವೇ ಕೊಡಬೇಕು. ನಾಳೆ ತೊಟ್ಟಿಲ ಹಾಡಿಗೆ ತವರಿನ ಕಡೆಯಿಂದ ದನಿ ಸಾಲದು, ತಮ್ಮ ಹಾರ್ನನ್ನು ಒಂದು ಗಳಿಗೆ ಎರವಲು ಕಳಿಸಬೇಕು. ತಾವು ನಮ್ಮ ಮನೆಯ ಹಿರಿಯ ಮಗಳಾದದ್ದರಿಂದ ತಮ್ಮನ್ನು ಕನ್ನೆಯಾಗಿ ಮನೆಯಲ್ಲಿ ಕೂರಿಸಿಕೊಳ್ಳುವುದು ನಮಗೂ ಶೋಭಿಸುವುದಿಲ್ಲ. ಗಜೇಂದ್ರಗಡದ ಬಸ್ಸೆಂಬ ವರನೊಬ್ಬ ಇದ್ದಾನೆ, ರೂಪ ಅಷ್ಟಕ್ಕಷ್ಟೇ, ಬಾಗಿಲಿಗೆ ಹಗ್ಗ ಕಟ್ಟಿದೆ, ಜನ್ಮದಲ್ಲಿ ಮೇಣ ಕಂಡವನಲ್ಲ, ಆದರೆ ಮಳೆಯಿರಲಿ ಕೆಸರಿರಲಿ ಕರೆದಲ್ಲಿಗೆ ಬರುತ್ತಾನೆ. ಒಪ್ಪಿಗೆಯಿದ್ದರೆ ತಿಳಿಸಿರಿ, ಮುಹೂರ್ತ ನೋಡಿಸುತ್ತೇನೆ. ಇವುಗಳಲ್ಲಿ ಒಂದೂ ಆಗದಿದ್ದರೆ, ದಯಮಾಡಿ ಒಮ್ಮೆ, ಒಂದೇ ಒಂದು ಸಲ, ಎರೆ ಮಣ್ಣಿನ ಕೆಸರನ್ನು ಕುತ್ತಿಗೆಯವರೆಗೆ ಬಳಿದುಕೊಂಡು ಈ ಬಾಗಿಲಿಗೆ ಬಂದು ನಿಲ್ಲಿರಿ. ಆ ದಿನ ನನ್ನ ಉಳಿದ ಸೀರೆಗಳನ್ನೆಲ್ಲ ಹರಿದು ನಾನೇ ತಮ್ಮನ್ನು ಒರೆಸುತ್ತೇನೆ.

ತಮ್ಮ ಹೊಳಪು ದಿನದಿನಕ್ಕೆ ಹೆಚ್ಚಲಿ, ತಮ್ಮ ಮೈಗೆ ಗೆರೆ ಬೀಳದಿರಲಿ, ತಮ್ಮಲ್ಲಿ ಮುಖ ನೋಡಿಕೊಳ್ಳುವವರಿಗೆ ಒಂದು ದಿನವಾದರೂ ಅವರದೇ ಮುಖ ಕಾಣಿಸಲಿ ಎಂದು ಹಾರೈಸುತ್ತ ಮುಗಿಸುತ್ತೇನೆ.

ಇತಿ, ಸೀರೆ ಕಳೆದುಕೊಂಡೂ ತಮ್ಮ ಮೇಲೆ ಸಿಟ್ಟಿಲ್ಲದ,
ತಮ್ಮ ವಿಶ್ವಾಸಿ,
ವೆಂಕೂಬಾಯಿ

ತಾ.ಕ.: ಪತ್ರ ಮಡಿಚುವಷ್ಟರಲ್ಲಿ ವಕೀಲರು ಬಂದಿಳಿದರು, ಬಸ್ಸಿನಲ್ಲಿ! ಮಳೆಯಲ್ಲಿ ತಮ್ಮನ್ನು ಹೊರಗೆ ತೆಗೆಯಲು ಮನಸ್ಸಾಗಲಿಲ್ಲವಂತೆ. ಬಸ್ಸು ದಾರಿಯಲ್ಲಿ ಹೂತು ನಿಂತು, ಇಳಿದು ನೂಕಿದವರಲ್ಲಿ ಇವರೂ ಒಬ್ಬರಾಗಿ, ತಮಗೆ ತಾಗಬಾರದೆಂದು ಇಷ್ಟು ದಿನ ಕಾಯ್ದ ಕೆಸರನ್ನೆಲ್ಲ ಟೊಪ್ಪಿಗೆಯಿಂದ ಕಾಲಿನತನಕ ಸ್ವತಃ ಹೊತ್ತು ತಂದಿದ್ದಾರೆ. ಬೀಗತಿ ನಕ್ಕರು, ಇವರು ತಲೆ ಎತ್ತಲಿಲ್ಲ. ಮರಿಯವ್ವ ಅಂಗಳದಲ್ಲೇ ನಿಲ್ಲಿಸಿ ಬಿಸಿನೀರು ಹೊಯ್ದು, ಅಳಿಯನ ಧೋತರ ಉಡಿಸಿ ಒಳಗೆ ಬಿಟ್ಟಳು. ಗಂಗಾ ಕೂಸನ್ನು ಅಪ್ಪನ ತೊಡೆಯ ಮೇಲಿಟ್ಟಳು. ಕೂಸು ಆ ಧೋತರವನ್ನು ಆಗಲೇ ತೋಯಿಸಿದೆ, ನಡುವೆ ನಡುವೆ ಇವರ ಕಣ್ಣೀರೂ ಅದರ ಮೇಲೆ ಬೀಳುತ್ತಿದೆ. ತಮ್ಮ ಮೇಲೆ ಒಂದು ಹನಿ ಬಿದ್ದರೆ ಉಣ್ಣುವ ತುತ್ತು ಬಿಟ್ಟು ಓಡುತ್ತಿದ್ದವರು ಅಲುಗಾಡದೆ ಕುಳಿತಿದ್ದಾರೆ. ಏಳಿರಿ, ಒರೆಸಿಕೊಳ್ಳಿರಿ ಎಂದು ನಾನು ಒಣಗಿದ ಬಟ್ಟೆ ಹಿಡಿದು ಎರಡು ಸಲ ಹೇಳಿದೆ. "ಇರ್ಲಿ ಬಿಡು," ಎಂದರು ಪಿಸುದನಿಯಲ್ಲಿ, "ಈಗ ಮಲಕೊಂಡದ."